ಗುಂಡಿಗೆ ಇಳಿಯುವವರಿಗೆ ಎರಡು ಪಾಕೆಟ್

ಗುಂಡಿಗೆ ಇಳಿಯುವವರಿಗೆ ಎರಡು ಪಾಕೆಟ್. ಇಳಿಯುವ ಮುಂಚೆ ಒಂದು, ಹತ್ತಿ ಬಂದ ಮೇಲೆ ಒಂದು. ಅಗ್ಗದ ವಿಸ್ಕಿ. ಇದು ಎಸ್ಟೇಟಿನ ಪದ್ಧತಿ. ಯಾವ ಕಾಲದಲ್ಲಿ ಯಾರು ಶುರು ಮಾಡಿದರೋ ಯಾರಿಗೂ ಗೊತ್ತಿಲ್ಲ. ಆಳುಗಳ ಲೆಕ್ಕ ನೋಡುವ ರೈಟರ್ ಪ್ರದೀಪ ಜೀಪಿನ ಸೀಟಿನ ಕೆಳಗಿಂದ ತೆಗೆದು ಕೊಡುತ್ತಿದ್ದ. "ಮೂಗಿಗೆ ಮದ್ದು" ಎನ್ನುತ್ತಿದ್ದ.

ಎಸ್ಟೇಟು ಮಾರನಹಳ್ಳಿಯಿಂದ ಒಳಗೆ ನಾಲ್ಕು ಮೈಲಿ. ಕೊಯ್ಲಿನ ಕಾಲದಲ್ಲಿ ಅಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮಿಷನ್ನು ಹಗಲೆಲ್ಲ ಓಡುತ್ತದೆ. ಸಿಪ್ಪೆ, ಲೋಳೆ, ಬೀಜ ತೊಳೆದ ನೀರು ಎಲ್ಲ ಹರಿದು ಬಂದು ಹಿಂದಿನ ಗುಂಡಿಗೆ ಬೀಳುತ್ತದೆ. ನಾಲ್ಕೇ ದಿನಕ್ಕೆ ಕೊಳೆತು ಕಪ್ಪಾಗುತ್ತದೆ. ತಳದಲ್ಲಿ ಕೆಸರು ಕೂರುತ್ತದೆ. ಆ ಕೆಸರು ತೆಗೆಯದಿದ್ದರೆ ಗುಂಡಿ ಉಕ್ಕಿ ಮಾಲೀಕರ ಬಂಗಲೆಯ ದಾರಿಗೆ ಬರುತ್ತದೆ. ತೆಗೆಯಲು ಒಬ್ಬರು ಒಳಗೆ ಇಳಿದು ತೊಡೆ ಮುಳುಗುವಷ್ಟು ಕೆಸರಲ್ಲಿ ನಿಂತು ಬಕೆಟ್ ತುಂಬಬೇಕು. ಮೇಲಿನಿಂದ ಇನ್ನೊಬ್ಬರು ಹಗ್ಗದಲ್ಲಿ ಎಳೆಯಬೇಕು. ಕೈ ಸೋತಾಗ ಇಳಿದವರು ಹತ್ತಬೇಕು, ಎಳೆದವರು ಇಳಿಯಬೇಕು. ಕೂಲಿಯವರ ಮನೆಗಳ ಸಾಲಿಗೆ ಲೈನು ಎನ್ನುತ್ತಾರೆ. ಹಣ್ಣು ಕೊಯ್ಯಲು ಮೇಲಿನ ಲೈನಿನವರನ್ನೂ ಕರೆಯುತ್ತಿದ್ದರು, ಕೆಳಗಿನ ಲೈನಿನವರನ್ನೂ ಕರೆಯುತ್ತಿದ್ದರು. ಗುಂಡಿಗೆ ಮಾತ್ರ ಕೆಳಗಿನ ಲೈನಿನವರು. ಕೆಳಗಿನ ಲೈನಿನಲ್ಲಿದ್ದವರೆಲ್ಲ ಒಂದಲ್ಲ ಒಂದು ಊರಿನ ಹೊಲಗೇರಿಯಿಂದ ಬಂದವರು.

ಬೆಟ್ಟಮ್ಮನ ಗಂಡ ಶಿವು ಹನ್ನೊಂದು ವರ್ಷ ಆ ಗುಂಡಿಗೆ ಇಳಿದ. ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ಸತ್ತ. ತಿಥಿ ಮುಗಿದ ಮಾರನೇ ಬೆಳಿಗ್ಗೆ ಪ್ರದೀಪ ಬಾಗಿಲಲ್ಲಿ ನಿಂತಿದ್ದ.

"ಈ ಮನೆ ಶಿವುಗೆ ಕೊಟ್ಟಿದ್ದು ಗುಂಡಿ ಕೆಲ್ಸಕ್ಕೆ ಅಂತ. ನೀನು ಇಳೀತೀಯ ಅಂದ್ರೆ ಇರು. ಇಲ್ಲ ಅಂದ್ರೆ ಖಾಲಿ ಮಾಡು, ಬೇರೆಯೋರು ಬತ್ತಾರೆ."

ಬೆಟ್ಟಮ್ಮ ಇಳಿದಳು. ಆಗ ಅವಳಿಗೆ ಮೂವತ್ತೆಂಟು. ಅಲ್ಲಿಯವರೆಗೆ ಒಂದು ತೊಟ್ಟೂ ಕುಡಿದವಳಲ್ಲ. ಶಿವುವಿನ ಬಾಯಿ ವಾಸನೆಗೆ ಮುಖ ತಿರುಗಿಸಿ ಮಲಗುತ್ತಿದ್ದವಳು. ಮೊದಲ ದಿನ ಪಾಕೆಟ್ ಮುಟ್ಟದೆ ಇಳಿದು, ಗುಂಡಿಯೊಳಗೇ ಮೂರು ಸಲ ವಾಂತಿ ಮಾಡಿದಳು. ಮಾಡಿದ್ದನ್ನೂ ಬಕೆಟ್ಟಿಗೆ ತುಂಬಿ ಮೇಲೆ ಕೊಟ್ಟಳು. ಎರಡನೇ ದಿನ ಪ್ರದೀಪನ ಕೈಯಿಂದ ಇಸಿದುಕೊಂಡು ಕುಡಿದಳು. ವಾಸನೆ ಹೋಯಿತು. ಅದರ ಜೊತೆಗೆ ಇನ್ನೂ ಏನೇನೋ ಹೋಯಿತು. ಮುಂದಿನ ಕೊಯ್ಲಿನ ಹೊತ್ತಿಗೆ ಗುಂಡಿ ಇಲ್ಲದ ದಿನವೂ ಪಾಕೆಟ್ ಬೇಕಾಯಿತು. ಅದರ ಮುಂದಿನ ಕೊಯ್ಲಿಗೆ ಎದ್ದ ಕೂಡಲೇ ಬೇಕಾಯಿತು.

ಹೀಗೆ ಐದು ವರ್ಷ.

ನವೆಂಬರಿನ ಒಂದು ಬೆಳಿಗ್ಗೆ ಆರು ಗಂಟೆಗೆ ತಮ್ಮ ರವಿ ಫೋನು ಮಾಡಿದ. "ಅವ್ವ ಹೋಗ್ಬುಟ್ಲು ಕಣಕ್ಕ. ಮೂರು ಗಂಟೆಗೆ ಮಣ್ಣು. ಬೇಗ ಬಾ."

ತವರು ಆಲೂರಿನಿಂದ ಮೂರು ಕಿಲೋಮೀಟರು. ಬೆಟ್ಟಮ್ಮ ಸೀರೆ ಉಟ್ಟಳು. ಕೈ ನಡುಗುತ್ತಿತ್ತು, ಒಂದು ಪಾಕೆಟ್ ಕುಡಿದಳು. ಸಕಲೇಶಪುರದಲ್ಲಿ ಬಸ್ಸು ಬದಲಿಸುವಾಗ ಒಂದು. ಆಲೂರಿನಲ್ಲಿ ಇಳಿದಾಗ, ಅವ್ವನ ಮುಖ ನೋಡುವ ಧೈರ್ಯಕ್ಕೆ ಇನ್ನೊಂದು. ಅಲ್ಲಿಂದ ಮುಂದಿನದು ಅವಳಿಗೆ ನೆನಪಿಲ್ಲ.

ಎಚ್ಚರವಾದಾಗ ಬಸ್‌ಸ್ಟಾಂಡಿನ ಕಲ್ಲುಬೆಂಚಿನ ಕೆಳಗಿದ್ದಳು. ಸೀರೆ ಒದ್ದೆಯಾಗಿತ್ತು. ಮುಖದ ಮೇಲೆ ಯಾರೋ ನೀರು ಚಿಮುಕಿಸುತ್ತಿದ್ದರು. ಪೌರಕಾರ್ಮಿಕರ ಕಿತ್ತಳೆ ಬಣ್ಣದ ಕೋಟು ಹಾಕಿದ್ದ ಮುದುಕ. ಪಕ್ಕದಲ್ಲಿ ಪೊರಕೆ.

"ಗಂಟೆ ಎಷ್ಟು?"

"ನಾಕೂವರೆ."

ಬೆಟ್ಟಮ್ಮ ಎದ್ದು ಕೂತಳು. "ನಮ್ಮವ್ವನ್ನ ಮೂರಕ್ಕೆ ಮಣ್ಣು ಮಾಡ್ತಾರೆ" ಎಂದಳು. ಆಮೇಲೆ ಗಂಟೆ ಎಷ್ಟೆಂದು ಇನ್ನೊಮ್ಮೆ ಕೇಳಿದಳು.

ಮುದುಕ ಪೊರಕೆಯನ್ನು ಗೋಡೆಗೆ ಒರಗಿಸಿ, ಅವಳ ಜೊತೆ ಮೂರು ಕಿಲೋಮೀಟರು ನಡೆದ. ಅವಳು ಎರಡು ಸಲ ದಾರಿಯಲ್ಲಿ ಕೂತಳು. ಅವನೂ ಕೂತ. ಅವನ ಹೆಸರು ಜವರಪ್ಪ. ಹೋಗುವಷ್ಟರಲ್ಲಿ ಮಣ್ಣು ಮುಚ್ಚಿ, ಮುಳ್ಳು ಹೇರಿ ಆಗಿತ್ತು. ಜನ ಕೆರೆಯಲ್ಲಿ ಕೈಕಾಲು ತೊಳೆಯುತ್ತಿದ್ದರು. ರವಿ ಅಕ್ಕನನ್ನು ನೋಡಿದ. ಬೈಯಲಿಲ್ಲ. "ಕಾಲು ತೊಳ್ಕೊಂಡು ಬಾ, ಉಣ್ಣು" ಎಂದ. ಬೇರೆಯವರಿಗೆ ಹೇಳಿದ ಹಾಗೆಯೇ ಹೇಳಿದ.

ಬೆಟ್ಟಮ್ಮ ಅಳಲು ನೋಡಿದಳು. ಬರಲಿಲ್ಲ. ಮುಖವನ್ನು ಅಳುವವರ ಹಾಗೆ ಮಾಡಿದಳು. ಆಗಲೂ ಬರಲಿಲ್ಲ.

ಹೊರಡುವಾಗ ಜವರಪ್ಪ ಹೇಳಿದ: "ಭಾನುವಾರ ಹನ್ನೊಂದು ಗಂಟೆಗೆ ಬಸ್‌ಸ್ಟಾಂಡ್‌ಗೆ ಬಾ. ನಮ್ಮಂಥೋರು ಒಂದಷ್ಟು ಜನ ಕೂತ್ಕೋತೀವಿ."

"ಕೂತ್ಕೊಂಡು?"

"ಏನಿಲ್ಲ ಕಣವ್ವ. ಕುಡೀದೆ ಕೂತ್ಕೋತೀವಿ."

ಅವಳು ಹೋದದ್ದು ನಂಬಿಕೆಯಿಂದಲ್ಲ. ಮೂರು ಕಿಲೋಮೀಟರು ಜೊತೆಗೆ ನಡೆದವನು ಕರೆದನಲ್ಲ ಎಂದು ಹೋದಳು.

ಕೂರುವ ಜಾಗ ನಂಜುಂಡಪ್ಪನ ಗೊಬ್ಬರದ ಅಂಗಡಿಯ ಗೋಡೌನು. ಮೂಟೆಗಳ ನಡುವೆ ಚಾಪೆ. ಎಂಟು ಜನ ಗಂಡಸರು. ನಂಜುಂಡಪ್ಪ ಸ್ವತಃ ಕುಡಿದು ಹಾಳಾಗಿ ಎದ್ದುಬಂದವನು. ಈ ಗುಂಪು ಕಟ್ಟಿ ಆರು ವರ್ಷವಾಗಿತ್ತು. ಹಣೆಯಲ್ಲಿ ವಿಭೂತಿ, ಮೆಲುದನಿ. ಕೂತವರು ಒಬ್ಬರಾದ ಮೇಲೆ ಒಬ್ಬರು ತಮ್ಮ ಕಥೆ ಹೇಳಬೇಕು. ಯಾರೂ ಯಾರಿಗೂ ಬುದ್ಧಿ ಹೇಳಬಾರದು. ಅಲ್ಲಿ ಆಡಿದ್ದು ಹೊರಗೆ ಹೋಗಬಾರದು. ಇಷ್ಟೇ ನಿಯಮ.

ಆ ದಿನ ನಂಜುಂಡಪ್ಪ ಹೇಳಿದ್ದು ಬೆಟ್ಟಮ್ಮನಿಗೆ ಚೆನ್ನಾಗಿ ನೆನಪಿದೆ. "ಕೊನೇ ದಿನಗಳಲ್ಲಿ ನಂಗೆ ಯಾರೂ ಸಾಲ ಕೊಡ್ತಿರ್ಲಿಲ್ಲ. ಬಾರ್‌ನಾಗೆ ಮೂಲೇಲಿ ನಿಂತಿರ್ತಿದ್ದೆ. ಯಾರಾದ್ರೂ ಎದ್ದು ಹೋದ್ರೆ ಗ್ಲಾಸ್ ತಳದಾಗೆ ಉಳಿದಿರೋದನ್ನ ಎತ್ತಿ ಕುಡೀತಿದ್ದೆ. ಯಾರ ಎಂಜಲೋ, ಏನೋ, ನೋಡ್ತಿರ್ಲಿಲ್ಲ." ಹೇಳುವಾಗ ಅವನ ಕಣ್ಣು ತುಂಬಿತ್ತು. ಬೆಟ್ಟಮ್ಮನಿಗೆ ಆ ಮನುಷ್ಯನ ಮೇಲೆ ಗೌರವ ಬಂತು.

ಅವಳ ಸರದಿ ಬಂದಾಗ "ಬೆಟ್ಟಮ್ಮ" ಎಂದಳು. ಮುಂದೆ ನಾಲಿಗೆ ಹೊರಳಲಿಲ್ಲ. "ಅಷ್ಟೇ ಸಾಕು" ಎಂದ ಪಕ್ಕದಲ್ಲಿದ್ದ ಪ್ರತಾಪ. ಅವನು ಆಲೂರಿನ ಹತ್ತಿರದವನು, ಎರಡು ಎಕರೆ ಕಾಫಿ ಇರುವ ರೈತ.

ಸೋಮವಾರ ಜವರಪ್ಪ ರಜೆ ಹಾಕಿ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದ. ಕೈ ನಡುಕಕ್ಕೆ ಮಾತ್ರೆ ಕೊಟ್ಟರು. ಐದು ದಿನ ಅಲ್ಲಿ ಮಲಗಿದಳು. ಗೋಡೆಯಲ್ಲಿ ಹುಳು ಹರಿದಾಡಿದ ಹಾಗೆ ಕಾಣುತ್ತಿತ್ತು. ಜವರಪ್ಪನ ಹೆಂಡತಿ ಗಂಜಿ ತಂದು ಕೊಟ್ಟಳು. ಆರನೇ ದಿನ ಹುಳು ಇರಲಿಲ್ಲ. ಬರೀ ಗೋಡೆ ಇತ್ತು. ಅದನ್ನೇ ನೋಡುತ್ತ ಮಲಗಿದ್ದಳು.

ಆಮೇಲೆ ಪ್ರತಿ ಭಾನುವಾರ ಎರಡು ಬಸ್ಸು ಹಿಡಿದು ಹೋದಳು. ಹೋಗಿ ಕೂತಳು. ಬಂದಳು. ಖುಷಿ ಇರಲಿಲ್ಲ, ದುಃಖವೂ ಇರಲಿಲ್ಲ. ಚಳಿಗೆ ಜೋಮು ಹಿಡಿದ ಕಾಲಿನ ಮೇಲೆ ನಡೆದ ಹಾಗೆ ದಿನ ಹೋಗುತ್ತಿತ್ತು. ಕುಡಿಯಬೇಕೆನಿಸಿದಾಗ ಜವರಪ್ಪನಿಗೆ ಫೋನು ಮಾಡುತ್ತಿದ್ದಳು. ಅವನು "ಏನು ಸಾರು ಮಾಡಿದ್ದೀಯ?" ಎಂದು ಕೇಳುತ್ತಿದ್ದ. ಅವಳು ಹೇಳುತ್ತಿದ್ದಳು. ಅವನು ಇನ್ನೇನೋ ಕೇಳುತ್ತಿದ್ದ. ಅಷ್ಟರಲ್ಲಿ ಹೊತ್ತು ಕಳೆಯುತ್ತಿತ್ತು.

ಮೂರನೇ ಭಾನುವಾರ ಅವಳು ಟೀ ತಟ್ಟೆಯನ್ನು ನೋಡಿದಳು. ಗೋಡೌನಿನ ಹಿಂದೆಯೇ ನಂಜುಂಡಪ್ಪನ ಮನೆ. ಅವನ ಹೆಂಡತಿ ಬಸಮ್ಮ ತಟ್ಟೆ ತಂದಿಡುತ್ತಿದ್ದಳು. ಆರು ಸ್ಟೀಲ್ ಲೋಟ, ಮೂರು ಪೇಪರ್ ಕಪ್ಪು. ಹಿಂದಿನ ವಾರವೂ ಹಾಗೆಯೇ ಇತ್ತು. ಅದರ ಹಿಂದಿನ ವಾರ ಎರಡೇ ಕಪ್ಪು ಇದ್ದವೇನೋ, ಆಮೇಲೆ ಒಳಗಿಂದ ಇನ್ನೊಂದು ಬಂದಿತ್ತು. ಪೇಪರ್ ಕಪ್ಪು ಒಂದು ಜವರಪ್ಪನಿಗೆ. ಒಂದು ಆಟೋ ಓಡಿಸುವ ಸಿದ್ದುವಿಗೆ. ಒಂದು ಅವಳಿಗೆ. ಯಾರೂ ಇದು ನಿನ್ನದು ಎಂದು ಹೇಳುತ್ತಿರಲಿಲ್ಲ. ಜವರಪ್ಪ ತಾನೇ ಕೈ ಚಾಚಿ ತನ್ನದನ್ನು ಎತ್ತಿಕೊಳ್ಳುತ್ತಿದ್ದ. ಸಿದ್ದು ಎತ್ತಿಕೊಳ್ಳುತ್ತಿದ್ದ. ಅವಳೂ ಎತ್ತಿಕೊಂಡಿದ್ದಳು.

ಬಸ್‌ಸ್ಟಾಂಡಿನ ದಾರಿಯಲ್ಲಿ ಕೇಳಿದಳು. "ನಿಮಗೆ ಗೊತ್ತಾ ಜವರಣ್ಣ?"

"ಗೊತ್ತು."

"ಆರು ವರ್ಷದಿಂದ?"

"ಬಿಡು ತಂಗಿ. ಕುಡಿಯೋದು ನಿಂತದಲ್ಲ. ನಂಗೆ ಅಷ್ಟು ಸಾಕು."

ಅವಳೂ ಬಿಟ್ಟಳು. ಸಿಟ್ಟು ಬರಲಿಲ್ಲ. ಅವಳಿಗೆ ಆಗ ಏನೂ ಬರುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಮಿಷನ್ನು ಓಡಲು ಶುರುವಾಯಿತು. ಮೊದಲ ಸಲ ಗುಂಡಿ ತುಂಬಿದಾಗ ಪ್ರದೀಪ ಪಾಕೆಟ್ ಹಿಡಿದು ಬಂದ. ಬೆಟ್ಟಮ್ಮ ಬೇಡವೆಂದಳು. ಪಾಕೆಟ್ಟಿಲ್ಲದೆ ಇಳಿದಳು.

ಕುಡಿದು ಇಳಿದ ಐದು ವರ್ಷದಲ್ಲಿ ಆ ಗುಂಡಿಯನ್ನು ಅವಳು ಕಣ್ಣು ಬಿಟ್ಟು ನೋಡಿಯೇ ಇರಲಿಲ್ಲ. ಅವತ್ತು ನೋಡಿದಳು. ಕೊಳೆತ ಸಿಪ್ಪೆಯ ಹುಳಿ ನಾತ ಮೂಗಿನಿಂದ ತಲೆಗೇರಿತು. ಕೆಸರು ಬಿಸಿಯಾಗಿತ್ತು. ಕಾಲು ಎತ್ತಿದಲ್ಲೆಲ್ಲ ಗುಳ್ಳೆ ಒಡೆಯುತ್ತಿತ್ತು. ಬಿಳಿ ಹುಳುಗಳು ಸೊಂಟದವರೆಗೆ ಹತ್ತಿದವು. ಈ ಹುಳುಗಳು ನಿಜವಾದವು. ಹದಿನಾಲ್ಕು ಬಕೆಟ್ ತುಂಬುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಜೊತೆಯ ಲಕ್ಷ್ಮಿ ಹಗ್ಗ ಎಸೆದು, ಕಂಕುಳಿಗೆ ಸುತ್ತಿಕೊಳ್ಳಲು ಹೇಳಿ ಎಳೆದಳು. ಲಕ್ಷ್ಮಿ ಪಕ್ಕದ ಮನೆಯವಳು. ಇಪ್ಪತ್ತೊಂಬತ್ತು ವರ್ಷ. ಆ ಹೊತ್ತಿಗಾಗಲೇ ಎರಡೂ ಪಾಕೆಟ್ ಕುಡಿದಿದ್ದಳು.

"ಕುಡ್ಕೊಂಡು ಇಳಿಯಕ್ಕ. ಸುಮ್ನೆ ಯಾಕೆ ಸಾಯ್ತೀಯ?"

ಆ ವಾರ ಬೆಟ್ಟಮ್ಮನ ಕಾಲೆಲ್ಲ ಬೊಬ್ಬೆ ಎದ್ದಿತು. ಸೋಪು ಹಾಕಿ ಎಷ್ಟು ತಿಕ್ಕಿದರೂ ನಾತ ಹೋಗಲಿಲ್ಲ. ಅನ್ನದಲ್ಲೂ ಅದೇ ನಾತ. ಶನಿವಾರ ಪ್ರದೀಪ ಹೇಳಿ ಕಳಿಸಿದ: ಸೋಮವಾರ ಮತ್ತೆ ಗುಂಡಿ.

ಭಾನುವಾರ ಗೋಡೌನಿನಲ್ಲಿ ಅವಳ ಸರದಿ ಬಂದಾಗ ಮೊದಲ ಬಾರಿಗೆ ಮಾತಾಡಿದಳು. ಗುಂಡಿಯ ಬಗ್ಗೆ ಹೇಳಿದಳು. ಶಿವುವಿನ ಬಗ್ಗೆ. ಹುಳುಗಳ ಬಗ್ಗೆ. ಯಾರದೋ ಕಥೆ ಒಪ್ಪಿಸಿದ ಹಾಗೆ, ದನಿ ಏರಿಸದೆ ಹೇಳಿದಳು. "ನಾಳೆ ಇಳೀಬೇಕು. ಕುಡೀದೆ ಇಳಿಯಕ್ಕಾಗಕಿಲ್ಲ. ಕುಡಿದ್ರೆ ಇಲ್ಲಿಗೆ ಬರಕ್ಕಾಗಕಿಲ್ಲ. ಅದ್ಕೇ ಹೇಳ್ದೆ."

ನಂಜುಂಡಪ್ಪ ಅವಳ ಕಡೆ ತಿರುಗಿ ಕೂತ. "ನೋಡಮ್ಮ, ಕೆಲ್ಸದಾಗೆ ಮೇಲು ಕೀಳು ಅಂತ ಇಲ್ಲ. ಎಲ್ಲಾ ಕಾಯಕಾನೂ ಒಂದೇ. ಮನ್ಸು ಗಟ್ಟಿ ಮಾಡ್ಕೊ. ದೇವ್ರ ಹೆಸ್ರು ಹೇಳ್ಕೊಂಡು ಇಳಿ. ಏನೂ ಆಗಲ್ಲ."

ಅದೇ ಹೊತ್ತಿಗೆ ಬಸಮ್ಮ ಟೀ ತಟ್ಟೆ ತಂದಳು. ಸ್ಟೀಲ್ ಲೋಟಗಳು. ಮೂರು ಪೇಪರ್ ಕಪ್ಪು.

ಜವರಪ್ಪ ಕೈ ಚಾಚಿದ. ಬೆಟ್ಟಮ್ಮ ಅವನ ಕೈ ಹಿಡಿದುಕೊಂಡಳು.

"ಮೇಲು ಕೀಳು ಇಲ್ವಾ?" ಎಂದಳು.

ನಂಜುಂಡಪ್ಪನಿಗೆ ಅರ್ಥವಾಗಲಿಲ್ಲ.

"ನೀವು ಇಳೀತೀರಾ ನಾಳೆ? ನನ್ನ ಬದ್ಲು? ದೇವ್ರ ಹೆಸ್ರು ಹೇಳ್ಕೊಂಡು?"

"ಬೆಟ್ಟಮ್ಮ, ಯಾಕೆ ಹಿಂಗೆ..."

"ನೀವೇ ಹೇಳಿದ್ರಿ. ಬಾರ್‌ನಾಗೆ ಯಾರೋ ಬಿಟ್ಟಿದ್ ಗ್ಲಾಸ್ ಎತ್ಕೊಂಡು ಕುಡೀತಿದ್ದೆ ಅಂತ. ಈ ಜವರಣ್ಣನೂ ಅದೇ ಬಾರ್‌ನಾಗೆ ಕುಡೀತಿದ್ರಂತೆ. ಇವ್ರ ಎಂಜಲು ನೀವು ಕುಡ್ದಿದ್ದೀರಿ. ಅವತ್ತು ಏನೂ ಅನ್ನಿಸ್ಲಿಲ್ಲ. ಕುಡಿಯೋದು ಬಿಟ್ಟ ಮ್ಯಾಲೆ ಲೋಟ ಬ್ಯಾರೆ ಆಯ್ತಾ?"

ಜವರಪ್ಪ ತಲೆ ತಗ್ಗಿಸಿದ. ಸಿದ್ದು ಗೋಡೆ ನೋಡಿದ. ನಂಜುಂಡಪ್ಪನ ಮುಖ ಕೆಂಪಾಯಿತು.

"ನಂದಲ್ಲಮ್ಮ ಅದು. ಮನೇಲಿ ಹೆಂಗಸ್ರು... ಅವ್ರಿಗೆ ಆಚಾರ ಗೀಚಾರ ಅಂತ ಇರ್ತೈತೆ. ನಾನು ಏನು ಹೇಳಕ್ಕಾಯ್ತದೆ?"

ತಟ್ಟೆ ಹಿಡಿದೇ ನಿಂತಿದ್ದ ಬಸಮ್ಮ ಅದನ್ನು ಮೂಟೆಯ ಮೇಲೆ ಇಟ್ಟಳು. "ಮೂರು ಕಪ್ಪು ಬೇರೆ ಇಡು ಅಂದೋರು ನೀವೇ ಕಣ್ರೀ. ನನ್ನ ಮೇಲೆ ಯಾಕೆ ಹಾಕ್ತೀರಿ?" ಎಂದು ಒಳಗೆ ಹೋದಳು.

ಅವತ್ತು ಯಾರೂ ಟೀ ಕುಡಿಯಲಿಲ್ಲ. ಒಬ್ಬೊಬ್ಬರೇ ಎದ್ದು ಚಪ್ಪಲಿ ಹಾಕಿಕೊಂಡರು.

ದಾರಿಯಲ್ಲಿ ಜವರಪ್ಪ ಸಿಟ್ಟಿನಿಂದ ಬಿರಬಿರನೆ ನಡೆದ. ಆ ಸಿಟ್ಟು ಬೆಟ್ಟಮ್ಮನ ಮೇಲೆ. "ಆರು ವರ್ಷ ನಾನು ಉಳಿದಿರೋದು ಆ ಗೋಡೌನಿಂದ. ನೀನು ಆರು ವಾರದಾಗೆ ಅದ್ನ ಕೆಡಿಸ್ಬುಟ್ಟೆ. ನಾಳೆ ನಾನು ಕುಡಿದ್ರೆ? ಆ ಸಿದ್ದು ಕುಡಿದ್ರೆ? ಎಲ್ಲಿ ಕೂತ್ಕೋಬೇಕು ನಾವು?"

ಬೆಟ್ಟಮ್ಮ ಬಸ್ಸು ಹತ್ತಿದಳು.

ಸೋಮವಾರ ಎಂಟು ಗಂಟೆಗೆ ಗುಂಡಿಯ ಹತ್ತಿರ ಹೋದಳು. ಲಕ್ಷ್ಮಿ ಹಗ್ಗ ಹಿಡಿದು ನಿಂತಿದ್ದಳು. ಪ್ರದೀಪ ಜೀಪಿನಿಂದ ಇಳಿದ. ನಾಲ್ಕು ಪಾಕೆಟ್ ಕಟ್ಟೆಯ ಮೇಲಿಟ್ಟ.

"ನಾನು ಇಳಿಯಲ್ಲ" ಎಂದಳು ಬೆಟ್ಟಮ್ಮ.

"ಏನಂದೆ?"

"ಕುಡೀದೆ ಇಳಿಯಕ್ಕಾಗಲ್ಲ. ಕುಡಿಯಲ್ಲ. ಅದ್ಕೇ ಇಳಿಯಲ್ಲ."

ಪ್ರದೀಪ ನಕ್ಕ. "ಯಾವನು ಹೇಳ್ಕೊಟ್ಟ ನಿಂಗೆ ಇದ್ನೆಲ್ಲ? ಆಲೂರಿಗೆ ಓಡಾಡ್ತಿದ್ದೀಯಲ್ಲ, ಅಲ್ಲಿ ಯಾವನವನು?"

ಅವಳು ಬಕೆಟ್ಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು.

"ಇಳೀಲಿಲ್ಲ ಅಂದ್ರೆ ಸಂಜೆ ಒಳಗೆ ಪಾತ್ರೆ ಪಗಡೆ ಹೊರಗಿರ್ತವೆ. ಶಿವು ಹನ್ನೊಂದು ವರ್ಷ ಇಳಿದ. ಒಂದ್ ಮಾತು ಎದುರಾಡಿಲ್ಲ."

"ಅವನು ಸತ್ತ" ಎಂದಳು ಬೆಟ್ಟಮ್ಮ.

ಪ್ರದೀಪ ಗಡಿಯಾರ ನೋಡಿದ. "ಹನ್ನೊಂದಕ್ಕೆ ಬತ್ತೀನಿ. ಅಷ್ಟರಾಗೆ ಅರ್ಧ ಗುಂಡಿ ಖಾಲಿ ಆಗಿರ್ಬೇಕು" ಎಂದು ಜೀಪು ಹತ್ತಿ ಹೋದ. ಪಾಕೆಟ್‌ಗಳು ಅಲ್ಲೇ ಇದ್ದವು.

ಬೆಟ್ಟಮ್ಮ ಕಟ್ಟೆಯ ಮೇಲೆ ಕೂತಳು. ಎದೆಯಲ್ಲಿ ಏನೂ ಇರಲಿಲ್ಲ. ಗೆದ್ದ ಹಾಗೂ ಇರಲಿಲ್ಲ. ಅವಳ ಕೈ ತಾನಾಗಿಯೇ ಒಂದು ಪಾಕೆಟ್ ಎತ್ತಿಕೊಂಡಿತು. ತಣ್ಣಗಿತ್ತು. ಮೂಲೆಯನ್ನು ಹಲ್ಲಿನಿಂದ ಕಚ್ಚಿ ಎಳೆದರೆ ಸಾಕು. ಒಂದೇ ಉಸಿರಿಗೆ ಮುಗಿಯುತ್ತದೆ. ಮುಗಿದರೆ ಇಳಿಯಬಹುದು. ಇಳಿದರೆ ಮನೆ ಇರುತ್ತದೆ.

ಇನ್ನೊಂದು ಕೈಯಲ್ಲಿ ಫೋನು ತೆಗೆದು ಜವರಪ್ಪನಿಗೆ ಮಾಡಿದಳು. ನಿನ್ನೆಯ ಜಗಳದ ಮೇಲೆ ಅವನು ಎತ್ತುತ್ತಾನೋ ಇಲ್ಲವೋ ಗೊತ್ತಿರಲಿಲ್ಲ. ಎತ್ತಿದ.

"ಜವರಣ್ಣ, ಪಾಕೆಟ್ ಕೈಲೈತೆ."

ಆ ಕಡೆ ಪೊರಕೆಯ ಸದ್ದು ನಿಂತಿತು.

"ಒಡ್ದಿದ್ದೀಯ?"

"ಇಲ್ಲ."

"ಕೆಳಗಿಡು."

"ಇಡಕ್ಕಾಯ್ತಿಲ್ಲ."

"ಸರಿ, ಹಿಡ್ಕೊಂಡಿರು. ಒಡೀಬ್ಯಾಡ. ನಾನು ಬತ್ತಾ ಇದ್ದೀನಿ. ಮಾತಾಡ್ತಾ ಇರು."

ಅವಳು ಮಾತಾಡಿದಳು. ಮರದ ಮೇಲಿನ ಕೋತಿಯ ಬಗ್ಗೆ, ಲಕ್ಷ್ಮಿಯ ಹರಿದ ಸ್ವೆಟರಿನ ಬಗ್ಗೆ. ಅವನು ಬಸ್ಸು ಹತ್ತಿದ್ದು, ಟಿಕೆಟ್ ಕೇಳಿದ್ದು, ಸೀಟು ಸಿಕ್ಕದೆ ನಿಂತಿದ್ದು ಎಲ್ಲ ಫೋನಿನಲ್ಲಿ ಕೇಳುತ್ತಿತ್ತು. ಸಕಲೇಶಪುರ ದಾಟಿದ ಮೇಲೆ ನೆಟ್‌ವರ್ಕ್ ಹೋಯಿತು. ಆಮೇಲೆ ಅವಳು ಸುಮ್ಮನೆ ಫೋನು ಕಿವಿಗೆ ಹಿಡಿದು ಕೂತಳು.

ಲಕ್ಷ್ಮಿಗೆ ತಾಳ್ಮೆ ಕೆಟ್ಟಿತು. "ನೀನು ಇಳೀದಿದ್ರೆ ನಂಗೆ ಎರಡರಷ್ಟು ಕೆಲ್ಸ ಬೀಳ್ತದೆ. ಗೊತ್ತಾ ನಿಂಗೆ? ದೊಡ್ಡ ಮನುಷ್ಯಳಾಗ್ಬುಟ್ಟೆ!" ಕಟ್ಟೆಯ ಮೇಲಿದ್ದ ಮೂರು ಪಾಕೆಟ್ ಎತ್ತಿಕೊಂಡಳು. ಒಂದಾದ ಮೇಲೆ ಒಂದರಂತೆ, ಬೆಟ್ಟಮ್ಮನ ಮುಖ ನೋಡುತ್ತಲೇ ಕುಡಿದಳು. ಹಗ್ಗವನ್ನು ಗುಂಡಿಗೆ ಎಸೆದಳು. ಇಳಿಯಲಿಲ್ಲ. ಲೈನಿಗೆ ಹೋಗಿ ಮಲಗಿಬಿಟ್ಟಳು.

ಜವರಪ್ಪ ಬಂದಾಗ ಹತ್ತೂವರೆ ದಾಟಿತ್ತು. ನಾಲ್ಕು ಮೈಲಿ ನಡೆದು ಬಂದಿದ್ದ. ಕಿತ್ತಳೆ ಕೋಟು ಬಿಚ್ಚಲೂ ಪುರುಸೊತ್ತಾಗಿರಲಿಲ್ಲ. ಪಕ್ಕದಲ್ಲಿ ಕೂತು ಕೈ ಚಾಚಿದ. ಅವಳು ಪಾಕೆಟ್ ಕೊಟ್ಟಳು. ಬೆರಳು ಬಿಡಿಸಲು ಸ್ವಲ್ಪ ಹೊತ್ತು ಬೇಕಾಯಿತು. ಅವನೂ ಅದನ್ನು ಎರಡು ಗಳಿಗೆ ಹಿಡಿದು ನೋಡಿದ. ಆಮೇಲೆ ಗುಂಡಿಗೆ ಹಾಕಿದ.

ಗುಂಡಿಯನ್ನೇ ನೋಡುತ್ತ ಹೇಳಿದ: "ನಾನು ಕುಡಿಯಕ್ಕೆ ಕಲ್ತಿದ್ದೂ ಹಿಂಗೇ ಕಣವ್ವ. ಆಗ ಊರಿನ ಕಕ್ಕಸು ಗುಂಡಿಗೆ ಇಳಿಸ್ತಿದ್ರು. ಇಳಿಯೋಕೆ ಮುಂಚೆ ಸಾರಾಯಿ ಕೊಡ್ತಿದ್ರು. ಹದಿನೆಂಟು ವರ್ಷ ನಂಗೆ."

"ಗೋಡೌನ್‌ನಾಗೆ ಇದ್ನ ಹೇಳೇ ಇಲ್ಲ ನೀವು."

"ಆರು ವರ್ಷದಾಗೆ ಒಂದ್ ದಿನವೂ ಹೇಳಿಲ್ಲ. ಸಹವಾಸ ದೋಷ, ಅದ್ಕೇ ಕುಡಿತ ಕಲ್ತೆ ಅಂತಿದ್ದೆ."

"ಯಾಕೆ?"

"ಹೇಳಿದ್ರೆ ಪೇಪರ್ ಕಪ್ಪೂ ಬತ್ತಿರ್ಲಿಲ್ಲ."

ಹನ್ನೊಂದಕ್ಕೆ ಪ್ರದೀಪ ಬಂದ. ಗುಂಡಿ ತುಂಬಿಯೇ ಇತ್ತು. ಕಟ್ಟೆಯ ಮೇಲೆ ಇಬ್ಬರು ಕೂತಿದ್ದರು. ಅವನು ಕೂಗಾಡಿದ. ಜವರಪ್ಪನಿಗೆ ಯಾರು ನೀನು ಎಂದ. "ಇವಳ ಅಣ್ಣ" ಎಂದ ಜವರಪ್ಪ. "ಮನುಷ್ಯರನ್ನ ಇಂಥ ಗುಂಡಿಗೆ ಇಳಿಸಂಗಿಲ್ಲ ಸಾರ್. ನಮ್ಮ ಆಫೀಸ್‌ನಾಗೆ ಬೋರ್ಡ್ ಹಾಕವ್ರೆ. ದಿನಾ ಅದ್ರ ಧೂಳು ಒರೆಸೋನು ನಾನೇ. ಬೇಕಾದ್ರೆ ಅಲ್ಲಿಗೇ ಹೋಗಿ ಕೇಳಾನ."

ಪ್ರದೀಪ ಆ ಕೋಟನ್ನು ನೋಡಿದ. ಅದರ ಬೆನ್ನ ಮೇಲಿದ್ದ ಪಟ್ಟಣ ಪಂಚಾಯಿತಿಯ ಹೆಸರನ್ನು ನೋಡಿದ. ಜೀಪು ತಿರುಗಿಸಿದ. ಮೇಲಿನ ಲೈನಿನಿಂದ ಅಸ್ಸಾಮಿನ ಕೂಲಿಗಳಿಬ್ಬರನ್ನು ಕರೆತಂದ. ಅವರು ಬಗ್ಗಿ ನೋಡಿದರು. ತಮ್ಮ ಭಾಷೆಯಲ್ಲಿ ಏನೋ ಮಾತಾಡಿಕೊಂಡು, ಮೂಗು ಮುಚ್ಚಿಕೊಂಡು ಹೊರಟು ಹೋದರು.

ಎರಡು ದಿನ ಗುಂಡಿ ಉಕ್ಕಿತು. ಬಂಗಲೆಯ ದಾರಿಯವರೆಗೂ ನಾತ ಹೋಯಿತು. ಮೂರನೇ ದಿನ ಹಾಸನದಿಂದ ಟ್ಯಾಂಕರ್ ಲಾರಿ ಬಂತು. ದಪ್ಪ ಪೈಪು ಇಳಿಬಿಟ್ಟು ಒಂದೂವರೆ ಗಂಟೆಯಲ್ಲಿ ಗುಂಡಿಯನ್ನು ತಳದವರೆಗೆ ಹೀರಿತು. ಡ್ರೈವರು ಪೈಪು ಸುತ್ತುತ್ತ, ಈ ಕಡೆಯ ತೋಟಗಳಿಗೆ ತಾನು ಏಳು ವರ್ಷದಿಂದ ಬರುತ್ತಿದ್ದೇನೆ ಎಂದ. ಬೆಟ್ಟಮ್ಮ ದೂರದಲ್ಲಿ ನಿಂತು ಕೇಳಿಸಿಕೊಂಡಳು. ಏಳು ವರ್ಷದ ಹಿಂದೆ ಶಿವು ಬದುಕಿದ್ದ. ಆಗಲೂ ಈ ಲಾರಿ ಇತ್ತು. ಕರೆದಿದ್ದರೆ ಬರುತ್ತಿತ್ತು.

ಅವತ್ತು ಅವಳಿಗೆ ಸಿಟ್ಟು ಬಂತು. ಎಷ್ಟೋ ವರ್ಷದ ಮೇಲೆ ಬಂದ ಸಿಟ್ಟು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಗೋಡೆಗೆ ಗುದ್ದಿದಳು. ಕೈ ನೋಯಿತು. ನೋವು ಚೆನ್ನಾಗಿ ಗೊತ್ತಾಯಿತು.

ಮನೆ ಖಾಲಿ ಮಾಡು ಎಂದು ಪ್ರದೀಪ ದಿನವೂ ಹೇಳುತ್ತಿದ್ದ. ಕೊಯ್ಲಿಗೆ ಆಳು ಸಿಗದ ಕಾಲ. ಹೇಳುತ್ತಿದ್ದನೇ ಹೊರತು ಪಾತ್ರೆ ಹೊರಗಿಡಲಿಲ್ಲ. ಕೊಯ್ಲು ಮುಗಿದ ಮೇಲೆ ಇಡುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು.

ಭಾನುವಾರ ಆಲೂರಿಗೆ ಹೋದಳು. ಗೋಡೌನಿಗೆ ಬೀಗ. ಸ್ಟಾಕು ಬಂದಿದೆ, ಜಾಗವಿಲ್ಲ ಎಂದು ನಂಜುಂಡಪ್ಪ ಹೇಳಿ ಕಳಿಸಿದ್ದ. ಬೆಟ್ಟಮ್ಮ, ಜವರಪ್ಪ, ಸಿದ್ದು ಬಸ್‌ಸ್ಟಾಂಡಿಗೆ ಬಂದು ಮೂಲೆಯ ಬೆಂಚಿನಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಪ್ರತಾಪ ಬಂದ. "ಆರು ವರ್ಷ ನಾನೂ ಆ ತಟ್ಟೆ ನೋಡಿದ್ದೀನಿ" ಎಂದು ಅವರ ಜೊತೆ ಕೂತ. ಕ್ಷಮೆ ಕೇಳಲಿಲ್ಲ. ಅವರೂ ಕೇಳು ಎನ್ನಲಿಲ್ಲ. ಹೋಟೆಲಿನಿಂದ ಟೀ ತರಿಸಿದರು. ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿ ತೆಗೆದ ಗಾಜಿನ ಲೋಟಗಳು. ಬಸ್ಸುಗಳು ಬಂದು ಹೋಗುತ್ತಿದ್ದವು. ಹಾರ್ನ್ ಹೊಡೆದಾಗ ಮಾತು ನಿಲ್ಲಿಸಿ, ಆಮೇಲೆ ಮುಂದುವರಿಸುತ್ತಿದ್ದರು. ಜವರಪ್ಪ ತನ್ನ ಹದಿನೆಂಟನೇ ವರ್ಷದಿಂದ ಕಥೆ ಶುರು ಮಾಡಿದ.

ಬಸ್‌ಸ್ಟಾಂಡಿನಲ್ಲಿ ಕೂತ ನಾಲ್ಕನೇ ಭಾನುವಾರ ನಂಜುಂಡಪ್ಪ ಬಂದ. ಕಂಬದ ಹತ್ತಿರ ನಿಂತಿದ್ದ. ಗಡ್ಡ ಬೆಳೆದಿತ್ತು. ಹಣೆ ಬರಿದಾಗಿತ್ತು. ಎರಡೂ ಕೈ ಜೇಬಿನಲ್ಲಿದ್ದವು.

"ನಿನ್ನೆ ಬಾರ್ ತಾವ ಹೋಗಿದ್ದೆ. ಒಳಕ್ಕೆ ಹೋಗ್ಲಿಲ್ಲ" ಎಂದ. ಜೇಬಿನಿಂದ ಕೈ ತೆಗೆದು ಕಂಬ ಹಿಡಿದುಕೊಂಡ.

ಎಲ್ಲರೂ ಬೆಟ್ಟಮ್ಮನ ಕಡೆ ನೋಡಿದರು. ಅವಳು ಬೆಂಚಿನಲ್ಲಿ ಸರಿದು ಜಾಗ ಬಿಟ್ಟಳು. ಕ್ಷಮಿಸಿ ಬಿಟ್ಟದ್ದಲ್ಲ. ಅದು ಬಸ್‌ಸ್ಟಾಂಡು. ಯಾರು ಬೇಕಾದರೂ ಕೂರಬಹುದು.

ನಂಜುಂಡಪ್ಪ ಕೂತ. ಟೀ ಬಂತು, ಕುಡಿದ. ಯಾರೂ ಅವನ ಲೋಟವನ್ನು ನೋಡಲಿಲ್ಲ. ಬೆಟ್ಟಮ್ಮ ಮಾತ್ರ ನೋಡಿದಳು. ಅವನು ಕೊನೆಯ ಗುಟುಕು ಮುಗಿಸುವವರೆಗೂ ಕಣ್ಣು ತೆಗೆಯದೆ ನೋಡಿದಳು.

ಸಂಜೆ ಲೈನಿಗೆ ಬಂದು ಒಲೆ ಹಚ್ಚುತ್ತಿದ್ದಾಗ ಲಕ್ಷ್ಮಿ ಬಾಗಿಲಲ್ಲಿ ಬಂದು ನಿಂತಳು. ಒಂದು ತಿಂಗಳಿಂದ ಮಾತು ಬಿಟ್ಟಿದ್ದಳು. ಬಾಯಿಂದ ವಾಸನೆ ಬರುತ್ತಿತ್ತು. ಕಣ್ಣು ಊದಿತ್ತು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ಕಾಲಿನ ಹೆಬ್ಬೆರಳಿಂದ ಹೊಸ್ತಿಲು ಕೆರೆಯುತ್ತ ನಿಂತಿದ್ದಳು.

ಬೆಟ್ಟಮ್ಮ ಅನ್ನಕ್ಕೆ ಎಸರಿಟ್ಟಳು.

ಎಸರು ಕುದಿಯುವ ಹೊತ್ತಿಗೆ ಲಕ್ಷ್ಮಿ ಕೇಳಿದಳು: "ಅಕ್ಕ, ಭಾನುವಾರದ ಬಸ್ಸು ಎಷ್ಟೊತ್ತಿಗೆ?"

"ಏಳೂಮುಕ್ಕಾಲಿಗೆ" ಎಂದಳು ಬೆಟ್ಟಮ್ಮ.